ಮದ್ದೇನೋ ಸಿಕ್ಕಿತು, ರೋಗ ಯಾವುದು?

ಯೋನಿಯ ಫಂಗಸ್ ಸೋಂಕಿಗೆ ವೈದ್ಯರ ಚೀಟಿ ಇಲ್ಲದೆಯೇ ಮದ್ದು ಮಾರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 1990ರ ಕೊನೆಯಲ್ಲಿ. ಮೊದಲು ಬಂದದ್ದು ಕ್ಲೋಟ್ರಿಮಜೋಲ್, ಮರುವರ್ಷ ಮೈಕೊನಜೋಲ್. ಬ್ರಿಟನ್ 1992ರಲ್ಲಿ ಅದೇ ದಾರಿ ಹಿಡಿಯಿತು. 1995ರಲ್ಲಿ ನುಂಗುವ ಫ್ಲುಕೊನಜೋಲ್ 150 ಮಿಲಿಗ್ರಾಂ ಗುಳಿಗೆಯನ್ನೂ ಫಾರ್ಮಸಿಸ್ಟರ ಕೈಗೆ ಬಿಟ್ಟಿತು. ಭಾರತದಲ್ಲಿ ಇಂಥ ತೀರ್ಮಾನವನ್ನು ಯಾರೂ ತೆಗೆದುಕೊಂಡಿಲ್ಲ. ತೆಗೆದುಕೊಳ್ಳುವ ಪ್ರಮೇಯವೂ ಬರಲಿಲ್ಲ ಅನ್ನಿ. ಇಲ್ಲಿ ಯಾವ ಮೆಡಿಕಲ್ ಶಾಪಿನಲ್ಲಿ ಕೇಳಿದರೂ ಇವೆಲ್ಲ ಸಲೀಸಾಗಿ ಸಿಗುತ್ತವೆ.

ಮೂರು ದಶಕದ ಅನುಭವವನ್ನು ಮುಂದಿಟ್ಟುಕೊಂಡು ನೋಡಿದರೆ ಈ ಮದ್ದುಗಳ ಗುಣದ ಬಗ್ಗೆ ಹೆಚ್ಚಿನ ತಕರಾರಿಲ್ಲ. ಸರಿಯಾದ ರೋಗಕ್ಕೆ ಬಳಸಿದರೆ ನೂರರಲ್ಲಿ 80ರಿಂದ 90 ಮಂದಿಗೆ ಗುಣ ಸಿಗುತ್ತದೆ. ಒಳಗಿಡುವ ಮಾತ್ರೆ, ಹಚ್ಚುವ ಕ್ರೀಮು ರಕ್ತಕ್ಕೆ ಸೇರುವುದು ಅತ್ಯಲ್ಪ, ಅಡ್ಡಪರಿಣಾಮ ಎಂದರೆ ಒಂದಿಷ್ಟು ಉರಿ. ತಕರಾರು ಇರುವುದು ಅದಕ್ಕೂ ಹಿಂದಿನ ಹಂತದಲ್ಲಿ. ತನಗೆ ಆಗಿರುವುದು ಫಂಗಸ್ಸೇ ಎಂದು ಆ ಹೆಣ್ಣುಮಗಳಿಗೆ ಹೇಳಿದವರು ಯಾರು?

ಈ ಸೋಂಕು ತರುವ ಕ್ಯಾಂಡಿಡಾ ಎಂಬ ಯೀಸ್ಟ್ ಎಲ್ಲಿಂದಲೋ ಬಂದು ಅಂಟಿಕೊಳ್ಳುವ ಪೀಡೆಯಲ್ಲ. ಯಾವ ತೊಂದರೆಯೂ ಇಲ್ಲದ ನೂರು ಮಹಿಳೆಯರನ್ನು ಪರೀಕ್ಷಿಸಿದರೆ ಹತ್ತರಿಂದ ಇಪ್ಪತ್ತು ಮಂದಿಯ ಯೋನಿಯಲ್ಲಿ ಅದು ಸುಮ್ಮನೆ ಬಿದ್ದುಕೊಂಡಿರುತ್ತದೆ. ಯೋನಿಯ ಒಳಪದರದ ಜೀವಕೋಶಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಇರುತ್ತದೆ. ಮೊಸರಿನ ಬ್ಯಾಕ್ಟೀರಿಯಾದ ಬಳಗಕ್ಕೇ ಸೇರಿದ ಲ್ಯಾಕ್ಟೋಬ್ಯಾಸಿಲಸ್‌ಗಳು ಅದರಿಂದ ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತ ಆ ಜಾಗವನ್ನು ಹುಳಿಯಾಗಿಟ್ಟಿರುತ್ತವೆ. ಈ ಸಮತೋಲ ತಪ್ಪಿದಾಗ ಕ್ಯಾಂಡಿಡಾ ಹೆಚ್ಚಿಕೊಳ್ಳುತ್ತದೆ. ಶೀತ-ಕೆಮ್ಮಿಗೆಂದು ನುಂಗಿದ ಆಂಟಿಬಯೋಟಿಕ್, ಬಸಿರು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಮಾತ್ರೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಎಚ್‌ಐವಿಯಂಥ ಸ್ಥಿತಿ, ಇವೆಲ್ಲ ಸಾಮಾನ್ಯ ಕಾರಣಗಳು. ಮಹಿಳೆಯರಲ್ಲಿ ನೂರಕ್ಕೆ 75 ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ, 40-45 ಮಂದಿಗೆ ಮತ್ತೊಮ್ಮೆಯೂ ಬರುತ್ತದೆ ಎಂಬುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಅಂದಾಜು. ಇದನ್ನು ಲೈಂಗಿಕ ರೋಗಗಳ ಪಟ್ಟಿಗೆ ಸೇರಿಸುವುದಿಲ್ಲ. ಮದುವೆಯಾಗದ ಹುಡುಗಿಗೂ ಬರಬಹುದು, ಗಂಡನ ನಡತೆಗೂ ಇದಕ್ಕೂ ನಂಟು ಹಾಕಬೇಕಿಲ್ಲ. ಎಷ್ಟೋ ಮನೆಗಳಲ್ಲಿ ಈ ಒಂದು ವಿಷಯ ಗೊತ್ತಿದ್ದರೆ ಅರ್ಧ ಜಗಳ ತಪ್ಪುತ್ತಿತ್ತು.

ಇತ್ತೀಚೆಗೆ ಒಂದು ಹೊಸ ಕಾರಣವೂ ಸೇರಿಕೊಂಡಿದೆ. ಸಕ್ಕರೆ ಕಾಯಿಲೆಗೆ ಕೊಡುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ರಕ್ತದಲ್ಲಿನ ಹೆಚ್ಚುವರಿ ಗ್ಲೂಕೋಸನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯ ಮಾತ್ರೆಗಳೇ. ಆದರೆ ಮೂತ್ರದಲ್ಲಿ ಸಕ್ಕರೆ ಹರಿದಾಗ ಆ ಭಾಗದಲ್ಲಿ ಯೀಸ್ಟಿಗೆ ಹಬ್ಬ. ಡಪಾಗ್ಲಿಫ್ಲೋಜಿನ್‌ನ ಪೇಟೆಂಟ್ 2020ರಲ್ಲಿ ಮುಗಿದು ಅದು ಭಾರತದಲ್ಲಿ ಅಗ್ಗವಾದ ಮೇಲೆ ಅದನ್ನು ಬರೆದುಕೊಡುವುದು ಬಹಳ ಹೆಚ್ಚಾಗಿದೆ. ಐವತ್ತೈದು ದಾಟಿದ ಹೆಂಗಸೊಬ್ಬರು ತುರಿಕೆ ಎಂದು ತಿಂಗಳಿಗೊಮ್ಮೆ ಕ್ರೀಮು ಕೊಳ್ಳುತ್ತಿದ್ದರೆ, ಅವರ ಸಕ್ಕರೆ ಮಾತ್ರೆಯ ಹೆಸರೇನೆಂದು ಕೇಳುವವರು ಬೇಕು. ಕೌಂಟರಿನಲ್ಲಿ ಕೇಳುವುದಿಲ್ಲ.

ಮದ್ದಿನ ಚರಿತ್ರೆ ರೋಗದ ಚರಿತ್ರೆಗಿಂತ ಸೊಗಸಾಗಿದೆ. ಹಿಂದೆ ಇದ್ದದ್ದು ಜೆನ್ಶಿಯನ್ ವಯಲೆಟ್ ಎಂಬ ನೇರಳೆ ದ್ರಾವಣ. ಕೆಲಸ ಮಾಡುತ್ತಿತ್ತು, ಜೊತೆಗೆ ಬಟ್ಟೆಬರೆಗೆಲ್ಲ ಬಣ್ಣ ಹಿಡಿಯುತ್ತಿತ್ತು. ಬ್ಯಾಕ್ಟೀರಿಯಾಕ್ಕೆ ಪೆನಿಸಿಲಿನ್ ಬಂದ ಮೇಲೂ ಫಂಗಸ್ಸಿಗೆ ಸರಿಯಾದ ಮದ್ದು ಸಿಗದಿರಲು ಕಾರಣವಿದೆ. ಬ್ಯಾಕ್ಟೀರಿಯಾಕ್ಕಿಂತ ಫಂಗಸ್ಸಿನ ಜೀವಕೋಶ ನಮ್ಮ ಜೀವಕೋಶವನ್ನೇ ಹೆಚ್ಚು ಹೋಲುತ್ತದೆ. ಅದನ್ನು ಕೊಲ್ಲುವ ವಿಷ ನಮಗೂ ವಿಷವಾಗಬಹುದು. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಮಹಿಳೆಯರು ಈ ಗಂಟನ್ನು ಬಿಡಿಸಿದರು. ಎಲಿಜಬೆತ್ ಹೇಜನ್ ನ್ಯೂಯಾರ್ಕ್ ನಗರದಲ್ಲಿದ್ದ ಸೂಕ್ಷ್ಮಜೀವಿ ತಜ್ಞೆ, ರೇಚಲ್ ಬ್ರೌನ್ ಆಲ್ಬನಿಯಲ್ಲಿದ್ದ ರಸಾಯನಶಾಸ್ತ್ರಜ್ಞೆ. ಹೇಜನ್ ಮಣ್ಣಿನ ಮಾದರಿಗಳಲ್ಲಿ ಫಂಗಸ್ ಕೊಲ್ಲುವ ಜೀವಿಗಳನ್ನು ಹುಡುಕುವುದು, ಸಿಕ್ಕಿದ್ದನ್ನು ಗಾಜಿನ ಜಾಡಿಗೆ ಹಾಕಿ ಅಂಚೆಯಲ್ಲಿ ಆಲ್ಬನಿಗೆ ಕಳಿಸುವುದು, ಬ್ರೌನ್ ಅದರಲ್ಲಿನ ರಾಸಾಯನಿಕವನ್ನು ಬೇರ್ಪಡಿಸಿ ಮರಳಿ ಅಂಚೆಗೆ ಹಾಕುವುದು, ಹೀಗೇ ಸಾಗಿತ್ತು ಸಂಶೋಧನೆ. ಕೊನೆಗೆ ಫಲ ಕೊಟ್ಟದ್ದು ವರ್ಜೀನಿಯಾದಲ್ಲಿ ಹೇಜನ್ನರ ಸ್ನೇಹಿತರೊಬ್ಬರ ಹೊಲದ ಮಣ್ಣು. 1950ರಲ್ಲಿ ಪ್ರಕಟವಾದ ಆ ಮದ್ದಿಗೆ ರಾಜ್ಯದ ಹೆಸರನ್ನೇ ಸೇರಿಸಿ ನಿಸ್ಟಾಟಿನ್ ಎಂದರು. ರಾಯಧನವಾಗಿ ಬಂದ ಸುಮಾರು 1.3 ಕೋಟಿ ಡಾಲರಿನಲ್ಲಿ ಇಬ್ಬರೂ ತಮಗಾಗಿ ಏನನ್ನೂ ಇಟ್ಟುಕೊಳ್ಳದೆ ಸಂಶೋಧನೆಗೇ ಬಿಟ್ಟುಕೊಟ್ಟರು. 1966ರಲ್ಲಿ ಇಟಲಿಯ ಫ್ಲಾರೆನ್ಸ್ ನೆರೆಯಲ್ಲಿ ಮುಳುಗಿದ ಕಲಾಕೃತಿಗಳಿಗೆ ಬೂಷ್ಟು ಹತ್ತದಂತೆ ತಡೆಯಲೂ ಇದೇ ನಿಸ್ಟಾಟಿನ್ ಬಳಕೆಯಾಯಿತು.

ಆಮೇಲೆ ಬಂದವು ಅಜೋಲ್‌ಗಳು. ಜರ್ಮನಿಯ ಬೇಯರ್ ಕಂಪನಿಯಿಂದ ಕ್ಲೋಟ್ರಿಮಜೋಲ್, ಬೆಲ್ಜಿಯಂನ ಯಾನ್ಸೆನ್ ಪ್ರಯೋಗಾಲಯದಿಂದ ಮೈಕೊನಜೋಲ್, ಇಂಗ್ಲೆಂಡಿನ ಸ್ಯಾಂಡ್‌ವಿಚ್ ಎಂಬ ಊರಿನ ಫೈಜರ್ ಪ್ರಯೋಗಾಲಯದಿಂದ ಫ್ಲುಕೊನಜೋಲ್. ಫಂಗಸ್ಸಿನ ಹೊರಪೊರೆಗೆ ಎರ್ಗೋಸ್ಟೆರಾಲ್ ಎಂಬ ಕೊಬ್ಬು ಬೇಕು. ನಮ್ಮ ಜೀವಕೋಶದಲ್ಲಿ ಆ ಜಾಗದಲ್ಲಿರುವುದು ಕೊಲೆಸ್ಟೆರಾಲ್. ಅಜೋಲ್‌ಗಳು ಎರ್ಗೋಸ್ಟೆರಾಲ್ ತಯಾರಾಗುವುದನ್ನೇ ತಡೆಯುತ್ತವೆ. ಬ್ಯಾಕ್ಟೀರಿಯಾಕ್ಕೆ ಎರ್ಗೋಸ್ಟೆರಾಲ್ ಬೇಕಾಗಿಲ್ಲ, ಹಾಗಾಗಿ ಬ್ಯಾಕ್ಟೀರಿಯಾದಿಂದ ಬಂದ ಬಿಳಿಸೆರಗಿಗೆ ಈ ಮದ್ದು ಹಾಕಿದರೆ ಪ್ರಯೋಜನವಾಗದು. ಇಡೀ ವಿವಾದ ಸುತ್ತುವುದು ಇದರ ಸುತ್ತಲೇ.

ಅಮೆರಿಕದಲ್ಲಿ ಚೀಟಿ ತೆಗೆದುಹಾಕಿದಾಗ ವಾದ ಹೀಗಿತ್ತು: ಒಮ್ಮೆ ವೈದ್ಯರಿಂದ ಫಂಗಸ್ ಎಂದು ಖಚಿತಪಡಿಸಿಕೊಂಡ ಮಹಿಳೆ, ಮತ್ತೆ ಅದೇ ಲಕ್ಷಣ ಬಂದಾಗ ತಾನೇ ಗುರುತಿಸಬಲ್ಲಳು, ಅವಳನ್ನು ಪ್ರತಿ ಸಲ ಕ್ಲಿನಿಕ್ಕಿಗೆ ಅಲೆಸುವುದೇಕೆ? ನ್ಯಾಯವಾದ ಮಾತು. ಅದಕ್ಕೇ ಅಲ್ಲಿಯ ಪೊಟ್ಟಣದ ಮೇಲೆ, ಇದೇ ಮೊದಲ ಸಲವಾದರೆ ವೈದ್ಯರನ್ನು ಕಾಣಿ ಎಂದು ಬರೆದಿರುತ್ತದೆ. ಹೊಟ್ಟೆನೋವು, ಜ್ವರ, ದುರ್ವಾಸನೆ ಇದ್ದರೆ ಬಳಸಬೇಡಿ ಎಂದೂ, ಪದೇಪದೇ ಬರುತ್ತಿದ್ದರೆ ಸಕ್ಕರೆ ಕಾಯಿಲೆ ಅಥವಾ ಎಚ್‌ಐವಿ ಇರಬಹುದು ಎಂದೂ ಇರುತ್ತದೆ. ಬ್ರಿಟನ್ನಿನಲ್ಲಿ 16ಕ್ಕಿಂತ ಕಿರಿಯರು, 60 ದಾಟಿದವರು, ಗರ್ಭಿಣಿಯರು, ಆರು ತಿಂಗಳಲ್ಲಿ ಎರಡಕ್ಕಿಂತ ಹೆಚ್ಚು ಸಲ ಸೋಂಕಾದವರು ವೈದ್ಯರ ಬಳಿಗೇ ಹೋಗಬೇಕು.

ವಾದ ನ್ಯಾಯವಾದದ್ದಾದರೂ ಪರೀಕ್ಷೆಗೆ ಒಡ್ಡಿದಾಗ ಅಲುಗಾಡಿತು. ಅಮೆರಿಕದ ಜಾರ್ಜಿಯಾದ ವೈದ್ಯ ಡ್ಯಾರನ್ ಫೆರಿಸ್ ಮತ್ತು ಜೊತೆಗಾರರು 1996ರಲ್ಲಿ ರೋಗಲಕ್ಷಣಗಳ ವಿವರಣೆಯನ್ನು ಮಹಿಳೆಯರಿಗೆ ಓದಲು ಕೊಟ್ಟು ಇದು ಯಾವ ರೋಗ ಎಂದು ಕೇಳಿದರು. ಪಠ್ಯಪುಸ್ತಕದಲ್ಲಿ ಬರೆದಷ್ಟು ಸ್ಪಷ್ಟವಾದ ಫಂಗಸ್ ಲಕ್ಷಣಗಳನ್ನು, ಹಿಂದೆ ಆ ರೋಗ ಬಂದಿರದವರ ಪೈಕಿ ನೂರಕ್ಕೆ 11 ಮಂದಿ ಮಾತ್ರ ಗುರುತಿಸಿದರು. ಹಿಂದೆ ಬಂದಿದ್ದವರಲ್ಲೂ ಸುಮಾರು 35 ಮಂದಿ ಅಷ್ಟೇ. 2002ರಲ್ಲಿ ಅವರು ಪ್ರಕಟಿಸಿದ ಇನ್ನೊಂದು ಅಧ್ಯಯನ ಇದಕ್ಕಿಂತ ನೇರವಾದದ್ದು. ತಮಗೆ ಫಂಗಸ್ ಆಗಿದೆ ಎಂದುಕೊಂಡು ಅಂಗಡಿಯಲ್ಲಿ ಮದ್ದು ಕೊಂಡ 95 ಮಹಿಳೆಯರನ್ನು ಕರೆದು ಪರೀಕ್ಷೆ ಮಾಡಿದರು. ಕೇವಲ ಫಂಗಸ್ ಇದ್ದದ್ದು ಶೇ 33.7 ಮಂದಿಗೆ. ಶೇ 18.9 ಮಂದಿಗೆ ಬ್ಯಾಕ್ಟೀರಿಯಲ್ ವ್ಯಜೈನೋಸಿಸ್ ಇತ್ತು, ಶೇ 21.1 ಮಂದಿಗೆ ಒಂದಕ್ಕಿಂತ ಹೆಚ್ಚು ಸೋಂಕು ಬೆರೆತಿತ್ತು, ಶೇ 13.7 ಮಂದಿಗೆ ಯಾವ ಸೋಂಕೂ ಇರಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಈ ಅಂಕಿಗಳಲ್ಲ. ಹಿಂದೆ ಫಂಗಸ್ ಆಗಿದ್ದವರೂ ಬೇರೆಯವರಿಗಿಂತ ಚೆನ್ನಾಗಿ ಊಹಿಸಲಿಲ್ಲ, ಪೊಟ್ಟಣದ ಮೇಲಿನ ಬರಹ ಓದಿದವರೂ ಓದದವರಿಗಿಂತ ಚೆನ್ನಾಗಿ ಊಹಿಸಲಿಲ್ಲ. ಚೀಟಿ ತೆಗೆದುಹಾಕಲು ಕೊಟ್ಟ ಎರಡು ಆಧಾರಗಳೂ ಆ 95 ಜನರ ಮುಂದೆ ನಿಲ್ಲಲಿಲ್ಲ. ಅಧ್ಯಯನ ಚಿಕ್ಕದು, ಒಂದೇ ಪ್ರದೇಶದ್ದು, ಅದರ ಮೇಲೆ ಕಾನೂನು ಕಟ್ಟಲಾಗದು ಎಂಬುದೂ ನಿಜ.

ಈ ಗೊಂದಲಕ್ಕೆ ಹೆಂಗಸರ ಅಜ್ಞಾನ ಕಾರಣ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬರಿಗಣ್ಣಿಗೆ ನೋಡಿ ಹೇಳುವ ವೈದ್ಯರೂ ಇಲ್ಲಿ ಎಡವುತ್ತಾರೆ. ಹಾಲು ಒಡೆದಂತೆ ಗಟ್ಟಿ ಬಿಳಿ ಸ್ರಾವ, ತುರಿಕೆ, ವಾಸನೆ ಇಲ್ಲ ಎಂದರೆ ಫಂಗಸ್. ತೆಳ್ಳಗಿನ ಬೂದು ಸ್ರಾವ, ಮೀನಿನ ವಾಸನೆ ಎಂದರೆ ಬ್ಯಾಕ್ಟೀರಿಯಾ. ಹಳದಿ-ಹಸಿರು ನೊರೆ ಎಂದರೆ ಟ್ರೈಕೊಮೊನಾಸ್ ಎಂಬ ಪರಾವಲಂಬಿ ಜೀವಿ. ಪುಸ್ತಕದಲ್ಲಿ ಹೀಗಿದೆ. ರೋಗಿಗಳು ಪುಸ್ತಕ ಓದಿಕೊಂಡು ಬರುವುದಿಲ್ಲವಲ್ಲ. ತುರಿಕೆಗೆ ಹೊಸ ಸೋಪು, ಪರಿಮಳದ ಪ್ಯಾಡು, ಮುಟ್ಟು ನಿಂತ ಮೇಲಿನ ಒಣಗುವಿಕೆ, ಲೈಕೆನ್ ಸ್ಕ್ಲೆರೋಸಸ್ ಎಂಬ ಚರ್ಮರೋಗ, ಹೀಗೆ ಹತ್ತು ಕಾರಣಗಳಿರುತ್ತವೆ.

ಹಾಗೆಂದು ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಡ. ಹತ್ತಿಯ ಕಡ್ಡಿಯಲ್ಲಿ ಸ್ವಲ್ಪ ಸ್ರಾವ ತೆಗೆದು ಹುಳಿಯ ಪ್ರಮಾಣ ತೋರಿಸುವ ಪಿಎಚ್ ಕಾಗದಕ್ಕೆ ಒತ್ತುತ್ತಾರೆ. ಬಣ್ಣ 4.5ಕ್ಕಿಂತ ಮೇಲಿನದಕ್ಕೆ ತಿರುಗಿದರೆ ಬ್ಯಾಕ್ಟೀರಿಯಾದ ಕಡೆಗೋ ಟ್ರೈಕೊಮೊನಾಸ್ ಕಡೆಗೋ ಬೆರಳು. ಅದಕ್ಕಿಂತ ಕೆಳಗಿದ್ದರೆ ಫಂಗಸ್ ಇರುವ ಸಾಧ್ಯತೆ. ಉಳಿದದ್ದನ್ನು ಗಾಜಿನ ಸ್ಲೈಡಿಗೆ ಸವರಿ ಹತ್ತು ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಹನಿ ಬಿಡುತ್ತಾರೆ. ಆ ಕ್ಷಣ ಕೊಳೆತ ಮೀನಿನ ವಾಸನೆ ಎದ್ದರೆ ಬ್ಯಾಕ್ಟೀರಿಯಾದ ಗುಮಾನಿ. ಕ್ಷಾರ ನಮ್ಮ ಜೀವಕೋಶಗಳನ್ನು ಕರಗಿಸುತ್ತದೆ, ಫಂಗಸ್ಸಿನ ಎಳೆಗಳು ಮಾತ್ರ ಕರಗದೆ ಉಳಿದು ಮೈಕ್ರೊಸ್ಕೋಪಿನಡಿ ಕವಲೊಡೆದ ದಾರದಂತೆ ಕಾಣುತ್ತವೆ. ಐದು-ಹತ್ತು ನಿಮಿಷದ ಕೆಲಸ, ಖರ್ಚು ಲೆಕ್ಕಕ್ಕಿಲ್ಲ. ಆದರೂ ಒಳಗೆ ಪರೀಕ್ಷಿಸದೆ ಮಾತ್ರೆ ಬರೆದು ಕಳಿಸುವ ಕ್ಲಿನಿಕ್ಕುಗಳಿಗೆ ನಮ್ಮಲ್ಲಿ ಬರವಿಲ್ಲ. ಅಂಥ ಕಡೆ ವೈದ್ಯರ ಚೀಟಿಗೂ ಕೌಂಟರಿನ ಊಹೆಗೂ ಏನು ವ್ಯತ್ಯಾಸವಿದೆ ಎಂದು ಕೇಳಿದರೆ ಉತ್ತರ ಕಷ್ಟ.

ಭಾರತದ ಕಥೆಯನ್ನು ಮಹಾರಾಷ್ಟ್ರದ ಗಡಚಿರೋಲಿಯಿಂದಲೇ ಶುರು ಮಾಡಬೇಕು. ರಾಣಿ ಬಂಗ್, ಅಭಯ್ ಬಂಗ್ ಎಂಬ ವೈದ್ಯ ದಂಪತಿ ಮತ್ತು ಸಂಗಡಿಗರು ಅಲ್ಲಿನ ಎರಡು ಹಳ್ಳಿಗಳ 650 ಮಹಿಳೆಯರನ್ನು ಪರೀಕ್ಷಿಸಿ 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು: ಶೇ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗವಿತ್ತು, ಅದಕ್ಕೂ ಮೊದಲು ಸ್ತ್ರೀರೋಗ ಪರೀಕ್ಷೆ ಮಾಡಿಸಿಕೊಂಡಿದ್ದವರು ಶೇ 8 ಮಾತ್ರ. ಇದಾಗಿ ಹದಿನೈದು ವರ್ಷಗಳ ಮೇಲೆ ಮನೋವೈದ್ಯ ವಿಕ್ರಮ್ ಪಟೇಲ್ ತಂಡ ಗೋವಾದಲ್ಲಿ ಇನ್ನೊಂದು ಮಗ್ಗುಲನ್ನು ತೋರಿಸಿತು. ಬಿಳಿ ಹೋಗುತ್ತದೆ ಎಂದು ಹೇಳಿಕೊಳ್ಳುವ ಮಹಿಳೆಯರಲ್ಲಿ ಆ ದೂರಿಗೆ ಹೆಚ್ಚಿನ ನಂಟು ಕಂಡದ್ದು ಸೋಂಕಿನ ಜೊತೆಗಲ್ಲ. ಖಿನ್ನತೆ, ಆತಂಕ, ಸುಸ್ತು, ಮೈಕೈ ನೋವಿನ ಜೊತೆಗೆ. ಸಂಸಾರದ ಭಾರ ಹೊತ್ತು ಸೋತವಳು ಅದನ್ನು ಹೇಳಿಕೊಳ್ಳಲು ಸಿಕ್ಕ ದಾರಿ ಬಿಳಿಸೆರಗು. ಉಷ್ಣವಾಗಿದೆ, ಎಳನೀರು ಕುಡಿ ಎನ್ನುವ ಅಜ್ಜಿ ಕನಿಷ್ಠ ಪಕ್ಕದಲ್ಲಿ ಕೂತು ನಾಲ್ಕು ಮಾತು ಕೇಳುತ್ತಾಳೆ. ಹೀಗೆ ಸೋತವಳಿಗೆ ಫ್ಲುಕೊನಜೋಲ್ ಕೊಟ್ಟರೆ ರೋಗವೂ ಹೋಗದು, ದುಃಖವೂ ಹೋಗದು.

ತಾಲ್ಲೂಕು ಕೇಂದ್ರದ ಯಾವುದೇ ಮೆಡಿಕಲ್ ಶಾಪಿನ ಮುಂದೆ ಸಂಜೆ ಹೊತ್ತು ನಿಂತರೆ ಈ ಮಾತುಕತೆ ಕಿವಿಗೆ ಬೀಳುತ್ತದೆ.

“ಅಣ್ಣಾ, ತುರಿಕೆಗೆ ಒಂದು ಕ್ರೀಮು ಕೊಡಿ.”

“ಎಲ್ಲಿ ತುರಿಕೆನಮ್ಮಾ?”

“ಹಿಂಗೇ... ಮೈಗೆ.”

ಪಕ್ಕದಲ್ಲಿ ಇನ್ನಿಬ್ಬರು ಗಂಡಸರು ಕ್ರೋಸಿನ್ನಿಗೋ ಗ್ಯಾಸಿನ ಮಾತ್ರೆಗೋ ಕಾಯುತ್ತಿರುವಾಗ ಇದಕ್ಕಿಂತ ಹೆಚ್ಚು ಹೇಳಲು ಯಾರಿಗೆ ಬಾಯಿ ಬರುತ್ತದೆ? ಅಂಗಡಿಯವನು ಸಲೀಸಾಗಿ ಓಡುವ ಟ್ಯೂಬೊಂದನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾನೆ. ಎಷ್ಟೋ ಸಲ ಅದು ಫಂಗಸ್ ಮದ್ದು, ಆಂಟಿಬಯೋಟಿಕ್ ಮತ್ತು ಕ್ಲೋಬೆಟಸಾಲ್‌ನಂಥ ಕಟುವಾದ ಸ್ಟೀರಾಯ್ಡ್ ಮೂರನ್ನೂ ಬೆರೆಸಿದ ಮಿಶ್ರಣ. ಸ್ಟೀರಾಯ್ಡ್ ತುರಿಕೆಯನ್ನು ಎರಡೇ ದಿನದಲ್ಲಿ ಅಡಗಿಸುತ್ತದೆ, ಅದಕ್ಕೇ ಅದಕ್ಕೆ ಗಿರಾಕಿ. ಒಳಗೆ ಫಂಗಸ್ ಬೆಳೆಯುತ್ತಲೇ ಇರುತ್ತದೆ, ಆ ಭಾಗದ ತೆಳು ಚರ್ಮ ಮತ್ತಷ್ಟು ತೆಳುವಾಗಿ ಉರಿ ಶುರುವಾಗುತ್ತದೆ. ದೇಶದ ತುಂಬ ಗಜಕರ್ಣ ಹಟಕ್ಕೆ ಬಿದ್ದಂತೆ ಹಬ್ಬುತ್ತಿರುವುದರಲ್ಲಿ ಈ ಟ್ಯೂಬುಗಳ ಪಾತ್ರ ದೊಡ್ಡದು ಎಂದು ಚರ್ಮರೋಗ ತಜ್ಞರು ವರ್ಷಗಳಿಂದ ಹೇಳುತ್ತಿದ್ದಾರೆ. ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಶೆಡ್ಯೂಲ್ ಎಚ್‌ಗೆ, ಅಂದರೆ ಚೀಟಿ ಕಡ್ಡಾಯದ ಪಟ್ಟಿಗೆ ಸೇರಿಸಿತು. ಕೌಂಟರಿನಲ್ಲಿ ಆದ ಬದಲಾವಣೆ ಕಣ್ಣಿಗೆ ಬಿದ್ದಿಲ್ಲ.

ಸರ್ಕಾರಿ ವ್ಯವಸ್ಥೆಯಲ್ಲೂ ಊಹೆಯ ಚಿಕಿತ್ಸೆ ಉಂಟು, ಆದರೆ ಅದಕ್ಕೊಂದು ಶಿಸ್ತಿದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋದ ಬಣ್ಣದ ಕಿಟ್‌ಗಳಲ್ಲಿ ಹಸಿರು ಬಣ್ಣದ ಎರಡನೇ ಕಿಟ್ ಬಿಳಿಸೆರಗಿಗೆ ಮೀಸಲು. ಅದರಲ್ಲಿ ಸೆಕ್ನಿಡಜೋಲ್ 2 ಗ್ರಾಂ, ಫ್ಲುಕೊನಜೋಲ್ 150 ಮಿಲಿಗ್ರಾಂ ಇರುತ್ತವೆ. ಬ್ಯಾಕ್ಟೀರಿಯಾ, ಟ್ರೈಕೊಮೊನಾಸ್, ಫಂಗಸ್ ಮೂರಕ್ಕೂ ಒಂದೇ ಏಟು. ಲ್ಯಾಬ್ ಇಲ್ಲದ ಊರಿಗೆ ಇದು ವಾಸ್ತವದ ದಾರಿ; ಅನಗತ್ಯ ಔಷಧ ನುಂಗಿಸುವ ದಾರಿಯೂ ಹೌದು. ಸಾಧ್ಯವಿದ್ದಲ್ಲಿ ಪರೀಕ್ಷೆ ಮಾಡಿಯೇ ಮದ್ದು ಕೊಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯ ಒಲವು.

ಮನೆಮದ್ದಿನ ಬಗ್ಗೆ ಎರಡು ಮಾತು ಸಾಕು. ಮೊಸರು ತಿನ್ನುವುದರಿಂದ ಕೇಡಿಲ್ಲ. ಆದರೆ ಆಂಟಿಬಯೋಟಿಕ್ ಜೊತೆಗೆ ಲ್ಯಾಕ್ಟೋಬ್ಯಾಸಿಲಸ್ ಕೊಟ್ಟರೆ ಫಂಗಸ್ ತಡೆಯಬಹುದೇ ಎಂದು ಆಸ್ಟ್ರೇಲಿಯಾದಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ಒಳಗೆ ನೀರು ಹಾಯಿಸಿ ತೊಳೆಯುವುದು, ಬೇವಿನ ಕಷಾಯ, ಡೆಟಾಲ್, ಟಿ.ವಿ.ಯಲ್ಲಿ ತೋರಿಸುವ ಪರಿಮಳದ ವಾಶ್ ಇವು ಬೇಡವೇ ಬೇಡ. ಯೋನಿ ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ. ಹೊರಗೆ ಬರಿ ನೀರು ಸಾಕು.

ಕೊಳ್ಳುವವರಿಗೆ ಗೊತ್ತಿರಬೇಕಾದ ಕೆಲವು ಸಂಗತಿಗಳನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಕ್ಲೋಟ್ರಿಮಜೋಲ್ 500 ಮಿಲಿಗ್ರಾಂನ ಒಂದೇ ಮಾತ್ರೆ ಇಟ್ಟರೂ, 100 ಮಿಲಿಗ್ರಾಂನದನ್ನು ವಾರವಿಡೀ ಇಟ್ಟರೂ ಫಲ ಹೆಚ್ಚುಕಡಿಮೆ ಒಂದೇ. ಒಂದೇ ದಿನದ ಮದ್ದು ಎಂದರೆ ಒಂದೇ ದಿನದಲ್ಲಿ ತುರಿಕೆ ನಿಲ್ಲುತ್ತದೆ ಎಂದಲ್ಲ, ಎರಡು ಮೂರು ದಿನ ತಾಳಬೇಕು. ಎಣ್ಣೆ ಅಂಶವಿರುವ ಕ್ರೀಮುಗಳು ಕಾಂಡೋಮಿನ ರಬ್ಬರನ್ನು ಸಡಿಲಗೊಳಿಸುತ್ತವೆ. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರು ಮೈಕೊನಜೋಲ್ ಒಳಗಿಟ್ಟುಕೊಂಡರೂ ರಕ್ತಸ್ರಾವದ ಭಯವಿದೆ ಎಂದು ಎಫ್‌ಡಿಎ 2001ರಲ್ಲೇ ಎಚ್ಚರಿಸಿತ್ತು. ಫ್ಲುಕೊನಜೋಲ್ ಗ್ಲಿಮೆಪಿರೈಡ್‌ನಂಥ ಸಕ್ಕರೆ ಮಾತ್ರೆಯ ಬಿರುಸನ್ನು ಹೆಚ್ಚಿಸಬಲ್ಲದು. ಬಸುರಿಯರಿಗಂತೂ ನುಂಗುವ ಮಾತ್ರೆ ಬೇಡ. ಗರ್ಭಪಾತದ ಅಪಾಯ ಹೆಚ್ಚೆಂದು ಡೆನ್ಮಾರ್ಕಿನ ದೊಡ್ಡ ಅಧ್ಯಯನವೊಂದು 2016ರಲ್ಲಿ ತೋರಿಸಿದೆ. ಅವರಿಗೆ ವೈದ್ಯರು ಕೊಡುವುದು ಏಳು ದಿನದ ಒಳಗಿಡುವ ಮದ್ದು.

ವರ್ಷಕ್ಕೆ ಮೂರು ಅಥವಾ ಹೆಚ್ಚು ಸಲ ಸೋಂಕು ಮರುಕಳಿಸಿದರೆ ಅದು ಬೇರೆಯೇ ಸಮಸ್ಯೆ, ಕೌಂಟರಿನಲ್ಲಿ ಮುಗಿಯುವಂಥದ್ದಲ್ಲ. ವಾರಕ್ಕೊಂದು ಫ್ಲುಕೊನಜೋಲಿನಂತೆ ಆರು ತಿಂಗಳು ಕೊಡುವ ಪದ್ಧತಿಯನ್ನು ಜ್ಯಾಕ್ ಸೊಬೆಲ್ ತಂಡ 2004ರಲ್ಲಿ ಪರೀಕ್ಷಿಸಿತು. ಆರು ತಿಂಗಳ ಕೊನೆಗೆ ಶೇ 90ರಷ್ಟು ಮಂದಿ ಆರಾಮವಾಗಿದ್ದರು. ಮದ್ದು ನಿಲ್ಲಿಸಿ ಇನ್ನಾರು ತಿಂಗಳಾದ ಮೇಲೆ ಶೇ 43 ಮಾತ್ರ. ಗ್ಲಬ್ರಾಟಾ ಎಂಬ ಜಾತಿಯ ಕ್ಯಾಂಡಿಡಾ ಅಜೋಲಿಗೆ ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೆ 600 ಮಿಲಿಗ್ರಾಂ ಬೋರಿಕ್ ಆಮ್ಲದ ಕ್ಯಾಪ್ಸೂಲನ್ನು ಮೂರು ವಾರ ಒಳಗಿಡಿಸುತ್ತಾರೆ. ಬಾಯಿಗೆ ಹಾಕಿಕೊಂಡರೆ ಅದು ವಿಷ. ಅಮೆರಿಕದಲ್ಲಿ 2021ರಲ್ಲಿ ಐಬ್ರೆಕ್ಸಾಫಂಗರ್ಪ್, 2022ರಲ್ಲಿ ಒಟೆಸೆಕೊನಜೋಲ್ ಎಂಬ ಹೊಸ ಮಾತ್ರೆಗಳು ಬಂದಿವೆ. ಎರಡನೆಯದು ಗರ್ಭ ಧರಿಸುವ ಸಾಧ್ಯತೆ ಇಲ್ಲದವರಿಗೆ ಮಾತ್ರ.

ಹಾಗಾದರೆ ಚೀಟಿ ಬೇಕೋ ಬೇಡವೋ? ನಮ್ಮ ಔಷಧ ಕಾನೂನಿನಲ್ಲಿ ಓಟಿಸಿ, ಅಂದರೆ ಚೀಟಿ ಇಲ್ಲದೆ ಮಾರುವ ಮದ್ದು, ಎಂಬ ಪ್ರತ್ಯೇಕ ವರ್ಗವೇ ಇಲ್ಲ. 2022ರ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 16 ಔಷಧಗಳನ್ನು ಚೀಟಿ ಇಲ್ಲದೆ ಮಾರಲು ಬಿಡುವ ಕರಡು ಹೊರಡಿಸಿತು. ಅದರಲ್ಲಿ ಕ್ಲೋಟ್ರಿಮಜೋಲ್ ಕ್ರೀಮೂ ಪುಡಿಯೂ ಇದ್ದವು, ಯೋನಿಯೊಳಗಿಡುವ ಮಾತ್ರೆ ಇರಲಿಲ್ಲ. ಅದನ್ನೂ ಸೇರಿಸಬೇಕು ಎಂಬುದು ನನ್ನ ನಿಲುವು. ಹೇಗೂ ಮಾರುತ್ತಿರುವುದನ್ನು ಕಾನೂನಿನೊಳಗೆ ತಂದರೆ ಷರತ್ತು ಹಾಕಬಹುದು: ಪೊಟ್ಟಣದಲ್ಲಿ ಕನ್ನಡದ ವಿವರಣೆ, ಯಾರು ಬಳಸಬಾರದು ಎಂಬ ದಪ್ಪಕ್ಷರದ ಎಚ್ಚರಿಕೆ, ಜೊತೆಗೊಂದು ಪಿಎಚ್ ಕಾಗದ. ಬರಹ ಓದಿದ ಮಾತ್ರಕ್ಕೆ ಊಹೆ ಸರಿಯಾಗುವುದಿಲ್ಲ ಎಂದು ಜಾರ್ಜಿಯಾದ ಅಧ್ಯಯನ ತೋರಿಸಿದೆ, ಅದಕ್ಕೇ ಕಾಗದದ ಬಣ್ಣವೂ ಬೇಕೆನ್ನುವುದು. ನುಂಗುವ ಫ್ಲುಕೊನಜೋಲ್ ಚೀಟಿಗೇ ಸೀಮಿತವಾಗಿರಲಿ. ಸ್ಟೀರಾಯ್ಡ್ ಬೆರಕೆಯ ಟ್ಯೂಬುಗಳನ್ನು ಕೌಂಟರಿನಿಂದ ಓಡಿಸುವ ಕೆಲಸವಂತೂ ಈಗಿರುವ ಕಾನೂನಿನಲ್ಲೇ ಆಗಬಹುದು, ಔಷಧ ನಿಯಂತ್ರಣ ಇಲಾಖೆಯವರು ಅಂಗಡಿ ಹತ್ತಬೇಕು ಅಷ್ಟೇ.

ಅಲ್ಲಿಯ ತನಕ ಓದುಗರಿಗೊಂದು ಮಾತು. ಇದೇ ಮೊದಲ ಸಲವಾಗಿದ್ದರೆ, ಬಸುರಿಯಾಗಿದ್ದರೆ, ದುರ್ವಾಸನೆ ಅಥವಾ ಕಿಬ್ಬೊಟ್ಟೆ ನೋವಿದ್ದರೆ, ಮದ್ದು ಹಾಕಿ ವಾರವಾದರೂ ಇಳಿಯದಿದ್ದರೆ ಮೆಡಿಕಲ್ ಶಾಪಿಗೆ ಹೋಗಬೇಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ಫಲಕದ ಕೊಠಡಿ ಇರುತ್ತದೆ. ಏಡ್ಸ್ ನಿಯಂತ್ರಣದವರದು ಎಂದು ಹಿಂಜರಿಯಬೇಡಿ; ಬಿಳಿಸೆರಗಿಗೂ ಅಲ್ಲಿ ತಪಾಸಣೆ, ಮದ್ದು ಎರಡೂ ಉಚಿತ.